ಸೆಟ್ಟಿಂಗ್ ಹೊತ್ತಿಗೆ ಟೀ

ಕಾಮಾಕ್ಷಿಪಾಳ್ಯದ ನಮ್ಮ ಶೆಡ್ಡಿನಲ್ಲಿ ಸೆಟ್ಟಿಂಗ್ ಶುರುವಾಗುವ ಹೊತ್ತಿಗೆ ಸರಿಯಾಗಿ ನನ್ನನ್ನು ಟೀ ತರಲು ಕಳಿಸುತ್ತಿದ್ದರು. ಒಂದು ದಿನ ಎರಡು ದಿನವಲ್ಲ, ಒಂಬತ್ತು ವರ್ಷ.

ಸೆಟ್ಟಿಂಗ್ ಅಂದರೆ ಏನು ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಕಂಪ್ಯೂಟರಿನಿಂದ ನಡೆಯುವ ಲೇಥ್ ಮಿಷಿನ್‌ಗಳ ಶೆಡ್. ಆಗ ಮೂರು ಮಿಷಿನ್ ಇದ್ದವು. ಪಂಪು, ಮೋಟಾರುಗಳಿಗೆ ಬೇಕಾದ, ಒಳಗೆ ಟೊಳ್ಳಾದ ಉರುಳೆಯಂಥ ಬುಷ್‌ಗಳನ್ನು ಅವುಗಳಲ್ಲಿ ಕಡೆದು ಕೊಡುತ್ತೇವೆ. ಒಂದು ಪಾರ್ಟಿನ ಲಾಟ್ ಮುಗಿದು ಇನ್ನೊಂದು ಬಂದಾಗ ಮಿಷಿನ್ನನ್ನು ಹೊಸದಕ್ಕೆ ಹೊಂದಿಸಬೇಕು. ಯಾವ ಟೂಲ್ ಎಲ್ಲಿ ಕೂರಬೇಕು, ಪೀಸನ್ನು ಕಚ್ಚಿ ಹಿಡಿಯುವ ಮೂರು ಹಲ್ಲುಗಳನ್ನು ಎಷ್ಟು ಕೊರೆಯಬೇಕು, ಪ್ರತಿ ಟೂಲಿನ ತುದಿ ಎಲ್ಲಿದೆ ಎಂದು ಮಿಷಿನ್ನಿಗೆ ಹೇಗೆ ತೋರಿಸಬೇಕು, ಇದೆಲ್ಲ ಸೆಟ್ಟಿಂಗ್. ಇದನ್ನು ಮಾಡುವವನು ಸೆಟ್ಟರ್. ಅವನು ಮಾಡಿಟ್ಟು ಹೋದ ಮೇಲೆ ಹಸಿರು ಬಟನ್ ಒತ್ತಿ, ಪೀಸ್ ತೆಗೆದು, ಪೀಸ್ ಹಾಕಿ, ಮತ್ತೆ ಬಟನ್ ಒತ್ತುವವನು ಆಪರೇಟರ್. ನಾನು ಆಪರೇಟರ್.

ನಮ್ಮ ಸೆಟ್ಟರ್ ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ಚಿಕ್ಕವನು. ಆದರೂ ಶೆಡ್ಡಿನಲ್ಲಿ ಸೆಟ್ಟರ್ ಎಲ್ಲರಿಗೂ ಅಣ್ಣ. ಎದುರಿಗೆ ನಾನೂ ಅಣ್ಣ, ನೀವು, ಅನ್ನುತ್ತಿದ್ದೆ. ಬರೆಯುವಾಗ ಅವನು ಅನ್ನುತ್ತೇನೆ. ಅಷ್ಟು ಹಕ್ಕು ಸಂಪಾದಿಸಿದ್ದೇನೆ.

ಸೆಟ್ಟರುಗಳು ತಮ್ಮ ಕೆಲಸವನ್ನು ಯಾರಿಗೂ ತೋರಿಸುವುದಿಲ್ಲ. ನಮ್ಮ ರಸ್ತೆಯ ಶೆಡ್ಡುಗಳಲ್ಲೆಲ್ಲ ಇದೇ ರೂಢಿ. ತೋರಿಸಿದರೆ ನಾಳೆ ಇನ್ನೊಬ್ಬ ಸೆಟ್ಟರ್ ಹುಟ್ಟುತ್ತಾನೆ. ಅದಕ್ಕೇ ಜೇಬಿನಲ್ಲೊಂದು ಚಿಕ್ಕ ಡೈರಿ ಇಟ್ಟುಕೊಂಡಿರುತ್ತಾರೆ, ಆಪರೇಟರನ್ನು ಟೀಗೆ ಕಳಿಸುತ್ತಾರೆ. "ಗುರು, ಫ್ಲಾಸ್ಕ್ ತಗೊಂಡ್ ಹೋಗು. ಶುಂಠಿ ಜಾಸ್ತಿ ಹಾಕ್ಸು," ಎನ್ನುತ್ತಿದ್ದ. ಮಾಗಡಿ ರೋಡಿನ ಟೀ ಅಂಗಡಿಗೆ ಹೋಗಿಬರಲು ಹತ್ತು ನಿಮಿಷ. ಶುಂಠಿ ಜಾಸ್ತಿ ಅಂದರೆ ಅಂಗಡಿಯವನು ಹೊಸದಾಗಿ ಜಜ್ಜಿ ಕುದಿಸಬೇಕು, ಇನ್ನೂ ಹತ್ತು ನಿಮಿಷ. ಅವನಿಗೆ ಶುಂಠಿ ಅಷ್ಟೇನೂ ಇಷ್ಟವಿಲ್ಲ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ನಾನು ಬರುವಷ್ಟರಲ್ಲಿ ಅವನು ಹತ್ತಿಯ ವೇಸ್ಟಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿರುತ್ತಿದ್ದ.

ಒಂದು ಸಲ ಅವನು ನೆಂಟರ ಮದುವೆಗೆ ರಜೆ ಹಾಕಿದ. ಮೂರನೇ ಮಿಷಿನ್ನಿಗೆ ಅರ್ಜೆಂಟ್ ಕೆಲಸ ಬಂತು. ಅದೇ ಪಾರ್ಟ್ ಹಿಂದಿನ ವಾರ ಎರಡನೇ ಮಿಷಿನ್ನಿನಲ್ಲಿ ಓಡಿತ್ತು. ಅವನು ಸೆಟ್ಟಿಂಗ್ ಮುಗಿಸಿ ಹೋದ ಮೇಲೂ ಟೂಲಿನ ಜಾಗದ ಅಂಕಿಗಳು ಮಿಷಿನ್ನಿನ ಪರದೆಯಲ್ಲಿ ಉಳಿದಿರುತ್ತವೆ, ಅವನ್ನು ನಾನು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಎರಡನೆಯದರ ಅಂಕಿಗಳನ್ನು ಹಾಗೆಯೇ ಮೂರನೆಯದಕ್ಕೆ ಹಾಕಿದೆ. ಬಟನ್ ಒತ್ತಿದೆ. ಟೂಲ್ ಹೋಗಿ ಹಲ್ಲಿಗೆ ಬಡಿಯಿತು. ಯಾರಿಗೂ ಏಟಾಗಲಿಲ್ಲ, ಆದರೆ ಆ ಸದ್ದಿಗೆ ಪಕ್ಕದ ಶೆಡ್ಡಿನವರೂ ಬಂದು ಇಣುಕಿದರು.

ಮಾರನೇ ದಿನ ಬೆಳಿಗ್ಗೆ ನನ್ನ ಮಿಷಿನ್ನಿನ ಮೇಲೆ ಆ ಹಾಳಾದ ಪೀಸ್ ಬೈಂಡಿಂಗ್ ವೈರಿನಲ್ಲಿ ನೇತಾಡುತ್ತಿತ್ತು. ಅದರ ಮೇಲೆ ಸೆಟ್ಟರ್ ಮಾರ್ಕರಿನಲ್ಲಿ ಬರೆದಿದ್ದ: ಏಳನೇ ಕ್ಲಾಸ್.

ನಾನು ಮಧುಗಿರಿಯಲ್ಲಿ ಏಳನೇ ತರಗತಿಗೇ ಸ್ಕೂಲ್ ಬಿಟ್ಟು ಸೈಕಲ್ ಶಾಪ್ ಸೇರಿದವನು. ಹೊಸದರಲ್ಲಿ ಊಟದ ಹೊತ್ತಿಗೆ ನಾನೇ ಅವನ ಹತ್ತಿರ ಹೇಳಿಕೊಂಡಿದ್ದೆ. ಹೇಳಿಕೊಂಡದ್ದನ್ನು ಅವನು ಆರು ವರ್ಷ ಇಟ್ಟುಕೊಂಡಿದ್ದು ವೈರಿಗೆ ಕಟ್ಟಿದ. ಮಿಷಿನ್ ಒರೆಸುವಾಗ ಅದನ್ನೂ ಒರೆಸಬೇಕಾಗಿತ್ತು, ಇಲ್ಲವಾದರೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಒಂದು ಸಲ ಬಿಚ್ಚಿಟ್ಟೆ. ಮಾರನೇ ದಿನ ಮತ್ತೆ ಕಟ್ಟಿತ್ತು, ಈ ಸಲ ಎರಡು ಸುತ್ತು.

ಅದನ್ನು ನೋಡುತ್ತಲೇ ನಾನು ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಿದೆ. ಮೂವತ್ತೇಳನೇ ವಯಸ್ಸಿನಲ್ಲಿ ರಾಜಾಜಿನಗರದ ಒಂದು ಸ್ಕೂಲಿನಲ್ಲಿ, ಮೊಣಕಾಲು ತೂರದ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದೆ. ಪಾಸಾದೆ. ಶೆಡ್ಡಿಗೆ ಮೈಸೂರ್ ಪಾಕ್ ಹಂಚಿದೆ. ಅವನು ಎರಡು ತುಂಡು ತೆಗೆದುಕೊಂಡು, "ಹತ್ತನೇ ಕ್ಲಾಸ್ ಪಾಸಾದ್ಮೇಲೆ ಬಟನ್ ಬೇರೆ ಥರ ಒತ್ತಕ್ಕಾಗತ್ತಾ ಗುರು?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.

ಆಮೇಲೆ ವಿಜಯನಗರದಲ್ಲಿ ಸಂಜೆ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಕಲಿಸುವ ಮೇಡಂ ನನ್ನ ತಂಗಿಯ ಮಗಳ ವಯಸ್ಸಿನವರು. ಸರ್ವರಿನಿಂದ ನಡೆಯುವ ವೆಬ್ ಪುಟ ಅಂದರೆ ಏನು ಎಂದು ಅವರು ಹೋಟೆಲ್ ಉದಾಹರಣೆ ಕೊಟ್ಟು ಹೇಳಿದರು. ಗಿರಾಕಿ ಕೇಳುತ್ತಾನೆ, ಒಳಗೆ ಅಡಿಗೆಯವನು ಮಾಡಿ ಕಳಿಸುತ್ತಾನೆ, ಅಡಿಗೆಮನೆ ಗಿರಾಕಿಗೆ ಕಾಣುವುದಿಲ್ಲ. ಉಳಿದವರು ಬರೆದುಕೊಂಡರು. ನನಗೆ ಮಾತ್ರ ಬೇರೆಯೇ ಹೊಳೆಯಿತು. ಅವನ ಜೇಬಿನ ಡೈರಿಯಲ್ಲಿರುವುದನ್ನೆಲ್ಲ ಒಂದು ಕಂಪ್ಯೂಟರಿಗೆ ತುಂಬಿಸಿ, ಶೆಡ್ಡಿನ ಪ್ರತಿಯೊಬ್ಬನ ಫೋನಿನಲ್ಲೂ ಕಾಣುವ ಹಾಗೆ ಮಾಡಿದರೆ?

ಆ ದೀಪಾವಳಿ ಆದ ಮೇಲೆ ಓನರ್ ನಾಲ್ಕನೇ ಮಿಷಿನ್ ಬರುತ್ತದೆ ಎಂದರು. ಓನರ್ ಇಲ್ಲಿಯ ಹಳೇ ಊರಿನವರೇ, ರಾಗಿ ಬೆಳೆಯುತ್ತಿದ್ದ ತಮ್ಮ ಹೊಲದ ಮೇಲೇ ಶೆಡ್ ಕಟ್ಟಿದವರು. ಸೆಟ್ಟರ್ ತನ್ನ ಕಡೆಯ ಒಬ್ಬನನ್ನು ಹೊಸ ಮಿಷಿನ್ನಿಗೆ ಕರೆತರುತ್ತೇನೆ ಎಂದು ಆಗಲೇ ಹೇಳಿಟ್ಟಿದ್ದ. ಓನರ್ ಮಾತ್ರ ಎಲ್ಲರ ಮುಂದೆ, "ಒಳಗಿನವ್ರು ಯಾರಾದ್ರೂ ಸೆಟ್ಟಿಂಗ್ ಕಲ್ತಿದ್ರೆ ಅವ್ರಿಗೇ ಕೊಡ್ತೀನಿ ಕಣ್ರಪ್ಪಾ. ಆದ್ರೆ ಬಾಯಲ್ಲಿ ಹೇಳಿದ್ರೆ ಆಗಲ್ಲ, ತೋರಿಸ್ಬೇಕು," ಎಂದರು. ನನಗೆ ಆಗ ನಲವತ್ತು. ಬಲಭುಜ ಆಗಲೇ ನೋಯುತ್ತಿತ್ತು. ಆ ಮಿಷಿನ್ ಸಿಗದಿದ್ದರೆ ಭುಜ ಕೈಕೊಡುವವರೆಗೆ ಹಸಿರು ಬಟನ್, ಆಮೇಲೆ ಯಾವುದಾದರೂ ಗೋಡೌನಿನ ವಾಚ್‌ಮನ್ ಕುರ್ಚಿ. ಇದು ಯೋಚಿಸಿ ಕಂಡುಕೊಂಡದ್ದಲ್ಲ, ನಾಯಂಡಹಳ್ಳಿ ಕಡೆ ಹೋದರೆ ನನ್ನ ಹಳೇ ಜೊತೆಗಾರರು ಹಾಗೆ ಕೂತಿರುವುದು ಕಾಣುತ್ತದೆ.

ಗೋವಿಂದರಾಜನಗರದ ನನ್ನ ಬಾಡಿಗೆ ರೂಮಿನಲ್ಲಿ ಭಾನುವಾರ ಬೆಳಿಗ್ಗೆಗಳಲ್ಲಿ ಕೆಲಸ ಶುರು ಮಾಡಿದೆ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್. ಅದರ ಹಳೇ ಮಾಲೀಕನ ಹೆಸರಿನ ಫೋಲ್ಡರ್ ಹಾಗೇ ಇತ್ತು, ಅಳಿಸಿದರೆ ಏನಾದರೂ ಕೆಟ್ಟೀತೆಂದು ಬಿಟ್ಟಿದ್ದೆ. ಪ್ರೋಗ್ರಾಂ ಬರೆಯುವುದು ಆಮೇಲಿನ ಮಾತು. ಅದಕ್ಕೆ ಮುಂಚೆ ಬರೆಯುವ ಜಾಗವನ್ನು ಸಿದ್ಧ ಮಾಡಬೇಕಲ್ಲ, ಅದಕ್ಕೇ ನನಗೆ ಐದು ಭಾನುವಾರ ಹಿಡಿಯಿತು.

ಮೊದಲ ಭಾನುವಾರ ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್ ಇನ್‌ಸ್ಟಾಲ್ ಮಾಡಿದೆ. ಕಪ್ಪು ಪರದೆಯಲ್ಲಿ ಅದನ್ನು ಕರೆದರೆ, ಅಂಥದ್ದು ಯಾವುದೂ ಇಲ್ಲ ಎಂದಿತು. ಈಗ ತಾನೇ ಹಾಕಿದ್ದೇನೆ, ಇಲ್ಲ ಅಂದರೆ ಏನು? ತೆಗೆದು ಹಾಕಿದೆ, ಮತ್ತೆ ಹಾಕಿದೆ. ಇಲ್ಲ ಅಂದಿತು. ಮೂರನೇ ಸಲ ಹಾಕುವಾಗ, ಮೊದಲ ಪುಟದ ಕೆಳಗೆ ಒಂದು ಚಿಕ್ಕ ಚೌಕ ಕಂಡಿತು. ಅದಕ್ಕೆ ಟಿಕ್ ಮಾಡಿದರೆ ಮಾತ್ರ ಪೈಥಾನ್ ಎಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಯುತ್ತದೆ. ಎರಡನೇ ಭಾನುವಾರ ಪ್ರೋಗ್ರಾಂ ಟೈಪ್ ಮಾಡುವ ಎಡಿಟರ್. ಮೂರನೆಯದು ಪ್ರತ್ಯೇಕ ಕೋಣೆಯ ದಿನ. ಒಂದೊಂದು ಕೆಲಸಕ್ಕೂ ಅದರದೇ ಫೋಲ್ಡರಿನಲ್ಲಿ ಬೇರೆಯೇ ಪೈಥಾನ್ ಕೋಣೆ ಕಟ್ಟಿಕೊಳ್ಳಬೇಕು, ಬೇಕಾದ ಸಾಮಾನುಗಳನ್ನು ಅದರೊಳಗೇ ತರಿಸಿಕೊಳ್ಳಬೇಕು ಎಂದು ಮೇಡಂ ಹೇಳಿದ್ದರು. ಯಾವ ಯಾವ ಸಾಮಾನು ತರಿಸಿದೆ ಎಂಬುದನ್ನು ಒಂದು ಪಟ್ಟಿಯ ಫೈಲಿನಲ್ಲಿ ಬರೆದಿಡಿ ಎಂದೂ ಹೇಳಿದ್ದರು. ಬರೆದಿಟ್ಟೆ. ಯಾಕೆ ಎಂದು ಆಗ ಗೊತ್ತಿರಲಿಲ್ಲ.

ನನ್ನ ಟೈಪಿಂಗ್ ಎರಡು ಬೆರಳಿನದು, ಈಗಲೂ. ಒಂದು ಸಾಲಿನ ಆಜ್ಞೆ ಹೊಡೆಯುವಷ್ಟರಲ್ಲಿ ಕುಕ್ಕರ್ ಎರಡು ಸಲ ಕೂಗುತ್ತಿತ್ತು. ಒಂದು ಗೆರೆ ಎರಡು ಸಲ ಬೀಳಬೇಕಾದಲ್ಲಿ ಒಂದೇ ಬಿದ್ದರೆ ಕೆಂಪಗೆ ಬೈಯುತ್ತಿತ್ತು. ಬೈದಾಗಲೆಲ್ಲ ನನಗೆ ಆ ವೈರು, ಆ ಪೀಸ್ ಕಾಣುತ್ತಿತ್ತು. ಕಲಿಯುವ ಆಸೆಯಿಂದ ಕೂತಿದ್ದರೆ ಮೂರನೇ ಭಾನುವಾರವೇ ಎದ್ದುಬಿಡುತ್ತಿದ್ದೆ ಅನಿಸುತ್ತದೆ. ನನ್ನನ್ನು ಕೂರಿಸಿದ್ದು ಸಿಟ್ಟು.

ಐದನೇ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸರ್ವರ್ ಶುರುವಾಯಿತು. ಕಪ್ಪು ಪರದೆ ಒಂದು ವಿಳಾಸ ಕೊಟ್ಟು ಸುಮ್ಮನೆ ಕಾಯುತ್ತ ನಿಂತಿತು. ಬ್ರೌಸರಿನಲ್ಲಿ ಆ ವಿಳಾಸ ಹೊಡೆದೆ. ಬಿಳಿಯ ಪುಟದಲ್ಲಿ ಒಂದೇ ಒಂದು ಸಾಲು ಬಂತು. ಆ ಸಾಲನ್ನು ನಾನೇ ಬರೆದಿದ್ದೆ. ಎಲ್ಲರೂ ಮೊದಲ ಪುಟದಲ್ಲಿ ನಮಸ್ಕಾರ ಅಂತ ಬರೆಯುತ್ತಾರೆ ಎಂದು ಮೇಡಂ ಹೇಳಿದ್ದರು. ನಾನು ಬರೆದದ್ದು: ಏಳನೇ ಕ್ಲಾಸ್. ಅದನ್ನು ನೋಡುತ್ತ ತಣ್ಣಗಾದ ಅನ್ನ ಸಾರು ತಿಂದೆ. ಅಷ್ಟು ರುಚಿಯಾದ ಊಟ ನಾನು ಆ ರೂಮಿನಲ್ಲಿ ಮಾಡಿದ ನೆನಪಿಲ್ಲ.

ಇನ್ನೊಂದು ತಿಂಗಳಲ್ಲಿ ಪುಟ ಸಿದ್ಧವಾಯಿತು. ಪಾರ್ಟಿನ ಹೆಸರು ಒತ್ತಿದರೆ ಯಾವ ಟೂಲ್ ಎಲ್ಲಿ, ಎಷ್ಟು ಹೊರಗೆ ಚಾಚಿರಬೇಕು, ಹಲ್ಲು ಎಷ್ಟು ಕೊರೆಯಬೇಕು, ಪರದೆಯ ಅಂಕಿಗಳು, ಎಲ್ಲ ಬರುತ್ತಿತ್ತು. ಟೀ ತಂದು ಕೊಟ್ಟು, ಅವನು ಅತ್ತ ಹೋದ ಮೇಲೆ ಪರದೆ ನೋಡಿ, ಸ್ಕೇಲು ಹಿಡಿದು ಅಳೆದು ಬರೆದುಕೊಂಡ ನನ್ನ ನೋಟ್ ಬುಕ್ಕು ಪೂರ್ತಿ ಅದರೊಳಗೆ ಹೋಯಿತು. ಓನರಿಗೆ ಹೇಳಿದೆ. ಶನಿವಾರ ಸಂಜೆ ಮಿಷಿನ್ ಕ್ಲೀನಿಂಗ್ ಆದ ಮೇಲೆ ಆಫೀಸ್ ಕಂಪ್ಯೂಟರಿನಲ್ಲಿ ತೋರಿಸು ಎಂದರು.

ಮನೆಯಲ್ಲಿದ್ದ ಇಡೀ ಫೋಲ್ಡರನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಹೋದೆ. ಓನರ್, ಸೆಟ್ಟರ್, ಇಬ್ಬರು ಆಪರೇಟರುಗಳು, ಪೀಸ್‌ಗಳನ್ನು ಅಳೆದು ಪಾಸು ಮಾಡುವ ಇನ್‌ಸ್ಪೆಕ್ಷನ್ ಅಕ್ಕ, ಎಲ್ಲರೂ ಗಾಜಿನ ಕ್ಯಾಬಿನ್ನಿನಲ್ಲಿ ಸೇರಿದ್ದರು. ಫೋಲ್ಡರ್ ಕಾಪಿ ಮಾಡಿ, ಸರ್ವರ್ ಶುರು ಮಾಡುವ ಆಜ್ಞೆ ಹೊಡೆದೆ. ಪೈಥಾನ್ ಇಂಥ ಜಾಗದಲ್ಲಿ ಇಲ್ಲ ಎಂದು ಬಂತು. ಇಂಥ ಜಾಗ ಅಂದರೆ ನನ್ನ ರೂಮಿನ ಲ್ಯಾಪ್‌ಟಾಪಿನ ಹಳೇ ಮಾಲೀಕನ ಫೋಲ್ಡರ್.

ಓನರ್ ಕನ್ನಡಕ ಏರಿಸಿ ಓದಿದರು. "ಇದ್ಯಾರಪ್ಪ ಹೆಸರು? ನಮ್ ಕಂಪ್ಯೂಟರ್ ಒಳಗೆ ಯಾರನ್ನ ಹುಡುಕ್ತಾ ಇದೆ ಇದು?"

ಮತ್ತೆ ಹೊಡೆದೆ. ಮತ್ತೆ ಅದೇ ಹೆಸರು. ಸೆಟ್ಟರ್ ಬಾಗಿಲಿಗೆ ಒರಗಿ ನಿಂತಿದ್ದ. ನಗುತ್ತ ಹೇಳಿದ: "ಎರಡನೇ ಮಿಷಿನ್ ನಂಬರ್ ತಗೊಂಡ್ ಹೋಗಿ ಮೂರನೇದಕ್ಕೆ ಹಾಕ್ದಂಗಾಯ್ತು. ಅದೇ ಕೈ ಕಣ್ರೀ. ಬದಲಾಗಲ್ಲ."

ಅವನು ಹೇಳಿದ್ದು ಸರಿ. ಮಿಷಿನ್ನಿನ ಅಂಕಿಗಳು ಆ ಮಿಷಿನ್ನಿಗೆ ಮಾತ್ರ. ಟೂಲ್ ಕೂರುವ ಜಾಗ ಒಂದೊಂದರಲ್ಲಿ ಒಂದೊಂದು ಕೂದಲೆಳೆ ಬೇರೆ. ಅದಕ್ಕೇ ಅಂದು ಬಡಿದದ್ದು. ನನ್ನ ಪೈಥಾನ್ ಕೋಣೆಯೂ ಹಾಗೇ. ಅದರ ಗೋಡೆಗಳಲ್ಲೆಲ್ಲ ನನ್ನ ಲ್ಯಾಪ್‌ಟಾಪಿನ ವಿಳಾಸವೇ ಬರೆದಿದೆ. ಕೋಣೆಯನ್ನು ಹೊತ್ತುಕೊಂಡು ಬರುವ ಹಾಗಿಲ್ಲ. ಹೊತ್ತು ತರಬೇಕಾದದ್ದು ಪಟ್ಟಿ ಮಾತ್ರ. ಪಟ್ಟಿ ನೋಡಿಕೊಂಡು ಇಲ್ಲಿಯ ಕೋಣೆ ಇಲ್ಲೇ ಕಟ್ಟಬೇಕು. ಒಂಬತ್ತು ವರ್ಷದಲ್ಲಿ ಅವನು ನನಗೆ ಕಲಿಸಿದ್ದು ಅದೊಂದೇ, ಅದೂ ಹಂಗಿಸಲು ಹೋಗಿ ಬಾಯಿಬಿಟ್ಟದ್ದು.

"ಸಾರ್, ಅರ್ಧ ಗಂಟೆ ಕೊಡಿ. ನಿಮ್ ಫೋನಿಂದ ನೆಟ್ ಆನ್ ಮಾಡಿ," ಎಂದೆ. ಓನರ್ ಸರಿ ಎಂದರು. ಸೆಟ್ಟರ್ ಒಂದು ಸ್ಟೂಲ್ ಎಳೆದುಕೊಂಡು ಬಂದು ನನ್ನ ಬೆನ್ನ ಹಿಂದೆಯೇ ಕೂತ. ನಾನು ಒಂದೊಂದೇ ಅಕ್ಷರ ಹುಡುಕುವುದನ್ನು ನೋಡಿ ಮಜಾ ತೆಗೆದುಕೊಳ್ಳಲು. ಜೊತೆಗೆ, ಏನು ಮಾಡುತ್ತೇನೆಂದು ತಿಳಿದುಕೊಳ್ಳಲು. ಅವನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು.

ನಾನು ತಿರುಗಿದೆ. "ಅಣ್ಣ, ಸೆಟ್ಟಿಂಗ್ ನಡೀತಾ ಇದೆ. ಫ್ಲಾಸ್ಕ್ ತಗೊಂಡ್ ಟೀ ತರ್ತೀರಾ? ಶುಂಠಿ ಜಾಸ್ತಿ ಹಾಕ್ಸಿ."

ಅಕ್ಕ ತಲೆ ಬಗ್ಗಿಸಿ ಸೆರಗು ಸರಿಮಾಡಿಕೊಂಡರು. ಆಪರೇಟರುಗಳಿಬ್ಬರೂ ಗಾಜಿನಾಚೆ ನೋಡತೊಡಗಿದರು. ಅವನು ಓನರ್ ಮುಖ ನೋಡಿದ. ಓನರಿಗೆ ಟೀ ವಿಷಯ ಏನು ಗೊತ್ತು? ಫೋನಿನಲ್ಲಿ ಹಾಟ್‌ಸ್ಪಾಟ್ ಹುಡುಕುತ್ತ, ತಲೆ ಎತ್ತದೆ, "ನಂಗೂ ಒಂದು. ಸಕ್ಕರೆ ಬೇಡ," ಎಂದರು.

ಅವನು ಹೋದ. ಫ್ಲಾಸ್ಕಿನ ಮುಚ್ಚಳ ತಿರುಗಿಸುವ ಸದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಕಾಪಿ ಮಾಡಿದ ಕೋಣೆಯನ್ನು ಅಳಿಸಿದೆ. ಪೈಥಾನ್ ಹೊಸದಾಗಿ ಹಾಕಿದೆ, ಈ ಸಲ ಆ ಚಿಕ್ಕ ಚೌಕಕ್ಕೆ ಮೊದಲೇ ಟಿಕ್ ಮಾಡಿದೆ. ಹೊಸ ಕೋಣೆ ಕಟ್ಟಿದೆ. ಪಟ್ಟಿಯ ಫೈಲ್ ತೋರಿಸಿ ಸಾಮಾನುಗಳನ್ನೆಲ್ಲ ತರಿಸಿದೆ. ಬೇರೆ ಫೋನುಗಳಿಂದ ಬರುವವರನ್ನು ಒಳಗೆ ಬಿಡಲೇ ಎಂದು ಕಂಪ್ಯೂಟರ್ ಕೇಳಿತು, ಬಿಡು ಎಂದು ಒತ್ತಿದೆ. ಅಕ್ಕನ ಫೋನಿನಲ್ಲಿ ಮೊದಲು ತೆರೆಯಿತು. ಆಮೇಲೆ ಎಲ್ಲರದರಲ್ಲಿ. ಓನರ್ ಬೆರಳಿನಿಂದ ಪಾರ್ಟುಗಳನ್ನು ಒಂದೊಂದಾಗಿ ಸರಿಸುತ್ತ, ಎಲ್ಲ ಇದ್ಯಲ್ಲಯ್ಯ ಇದ್ರಲ್ಲಿ, ಎನ್ನುತ್ತಿದ್ದಾಗ ಅವನು ಫ್ಲಾಸ್ಕ್ ಹಿಡಿದು ಬಂದ.

ಒಬ್ಬ ಆಪರೇಟರನ ಫೋನ್ ಇಸಿದುಕೊಂಡು ಓದಿದ. ತುಂಬ ಹೊತ್ತು ಓದಿದ. ಆಮೇಲೆ ಅವನ ಮುಖ ಸಡಿಲವಾಯಿತು. "ಬಳೆ ಎಲ್ಲಿ ಗುರು? ಬಳೆ ಇಲ್ದೆ ಹಲ್ಲು ಕೊರೀ ನೋಡಣ. ಪೀಸೆಲ್ಲ ಮೊಟ್ಟೆ ಥರ ಬರತ್ತೆ."

ತೆಳು ಬುಷ್‌ಗಳಿಗೆ ಹಲ್ಲು ಕೊರೆಯುವಾಗ ಅವುಗಳ ನಡುವೆ ಒಂದು ಉಕ್ಕಿನ ಬಳೆ ಕಚ್ಚಿಸಬೇಕಂತೆ. ಯಾವ ಪಾರ್ಟಿಗೆ ಯಾವ ಅಳತೆಯ ಬಳೆ ಎಂಬುದು ಅವನಿಗೆ ಮಾತ್ರ ಗೊತ್ತಿತ್ತು. ನಾನು ಟೀ ತರುವಷ್ಟರಲ್ಲಿ ಬಳೆ ಲಾಕರಿಗೆ ಹೋಗಿರುತ್ತಿತ್ತು. ಪರದೆಯಲ್ಲಿ ಅದರ ಗುರುತು ಉಳಿಯುವುದಿಲ್ಲ. ಆದರೆ ಅವನು ಒಂದು ತಪ್ಪು ಮಾಡಿದ್ದ. ಬಳೆ ಎಂಬುದೊಂದು ಇದೆ ಎಂದು ಓನರ್ ಎದುರಿಗೆ ಹೇಳಿದ್ದ. ಎಲ್ಲರಿಗೂ ಎಲ್ಲ ಕಲಿಸಿದ್ದೇನೆ, ಇವರ ತಲೆಗೇ ಹತ್ತುವುದಿಲ್ಲ, ಎಂದು ಒಂಬತ್ತು ವರ್ಷದಿಂದ ಅವರಿಗೆ ಹೇಳಿಕೊಂಡು ಬಂದಿದ್ದವನು ಅವನೇ. ಈಗ ಬಳೆಯ ಅಳತೆ ಹೇಳುವುದಿಲ್ಲ ಅನ್ನುವ ಹಾಗಿರಲಿಲ್ಲ.

ಮಾರನೇ ದಿನ ಭಾನುವಾರ. ಮಿಷಿನ್ನಿನಿಂದ ಮಿಷಿನ್ನಿಗೆ ಹೋಗದ ಅಂಕಿಗಳ ಕಾಲಮ್ಮನ್ನು ಪುಟದಿಂದ ತೆಗೆದುಹಾಕಿದೆ. ಪ್ರತಿ ಪಾರ್ಟಿನ ಕೆಳಗೂ ಒಂದು ಹೊಸ ಖಾಲಿ ಜಾಗ ಮಾಡಿದೆ: ಬಳೆಯ ಅಳತೆ. ಖಾಲಿ ಇರುವವರೆಗೆ ಅದು ಕೆಂಪಗಿರುತ್ತದೆ. ಪಕ್ಕದಲ್ಲಿ ಸಣ್ಣಗೆ, ಹೇಳಬೇಕಾದವರು ಸೆಟ್ಟರ್, ಎಂದು ಬರೆದೆ. ಮಿಷಿನ್ನಿನಲ್ಲಿ ಹಿಡಿಸದಂಥ ಅಳತೆ ಹಾಕಿದರೆ ಒಂದು ಎಚ್ಚರಿಕೆ ಸಾಲು ಬರಬೇಕಲ್ಲ, ಅದನ್ನೂ ಬರೆದೆ.

ಸೋಮವಾರ ಬೆಳಿಗ್ಗೆ ಹೊಸ ಪುಟವನ್ನು ಆಫೀಸ್ ಕಂಪ್ಯೂಟರಿಗೆ ಹಾಕಿದ ಮೇಲೆ ಶೆಡ್ಡಿನ ಫೋನುಗಳಲ್ಲೆಲ್ಲ ಕೆಂಪು. ಓನರ್ ಅವನನ್ನು ಕ್ಯಾಬಿನ್ನಿಗೆ ಕರೆದರು. ಬಾಯಲ್ಲಿ ಹೇಳುತ್ತೇನೆ, ಅವನೇ ಬರೆದುಕೊಳ್ಳಲಿ, ಎಂದನಂತೆ. ನನ್ನನ್ನೂ ಕರೆದರು. "ಸಾರ್, ಒಂದು ಅಂಕಿ ಹೆಚ್ಚು ಕಮ್ಮಿ ಆದ್ರೆ ನನ್ ತಲೆಗೆ ಕಟ್ತಾರೆ. ವೈರ್ ಎಲ್ಲಾ ರೆಡಿ ಇರತ್ತೆ. ಅವ್ರೇ ಹಾಕ್ಲಿ," ಎಂದೆ. ಓನರ್ ಮಿಷಿನ್ನಿನ ಮೇಲೆ ನೇತಾಡುತ್ತಿದ್ದ ಪೀಸಿನ ಕಡೆ ಗಾಜಿನೊಳಗಿಂದ ನೋಡಿದರು. ಮೂರು ವರ್ಷ ದಿನಾ ಅದರ ಕೆಳಗೇ ಓಡಾಡಿದವರು, ಅವತ್ತೇ ನೋಡಿದ್ದು ಅನಿಸುತ್ತದೆ. "ಕೂತ್ಕೊಂಡು ಹಾಕಯ್ಯ," ಎಂದು ಅವನಿಗೆ ಹೇಳಿ ಹೊರಗೆ ಹೋದರು.

ಅವನು ಹಾಕಿದ. ಮಧ್ಯಾಹ್ನದವರೆಗೆ ಹಿಡಿಯಿತು. ಆಮೇಲಿನದು ಚಿಕ್ಕ ಕಥೆ. ನಾಲ್ಕನೇ ಮಿಷಿನ್ ಬಂತು. ನನ್ನ ಪುಟ ನೋಡಿಕೊಂಡು, ಬಳೆ ಕಚ್ಚಿಸಿ, ಆ ಮಿಷಿನ್ನಿನ ಅಂಕಿಗಳನ್ನು ಆ ಮಿಷಿನ್ನಿನಲ್ಲೇ ಹಿಡಿದು, ಓನರ್ ಎದುರಿಗೆ ತೆಳು ಬುಷ್‌ನ ಸೆಟ್ಟಿಂಗ್ ಹಾಕಿದೆ. ಮೊದಲ ಪೀಸನ್ನು ಅಕ್ಕ ಮೂರು ಸಲ ಅಳೆದು, ದುಂಡಗಿದೆ, ಎಂದರು. ಮಿಷಿನ್ ನನಗೆ ಬಂತು. ವೈರು ಬಿಚ್ಚಿ ಹಳೇ ಪೀಸನ್ನು ಮನೆಗೆ ತಂದೆ, ಈಗ ಟೈಪ್ ಮಾಡುವಾಗಲೂ ಮೇಜಿನ ಮೇಲಿದೆ. ಅವನೂ ಇನ್ನೂ ನಮ್ಮ ಶೆಡ್ಡಿನಲ್ಲೇ ಇದ್ದಾನೆ. ಬೇಕಾದಷ್ಟೇ ಮಾತು. ಎಲ್ಲ ಸಿಕ್ಕಿತಲ್ಲ, ಇನ್ನು ಬಿಟ್ಟುಬಿಡು, ಎಂದು ಅಕ್ಕ ಹೇಳುತ್ತಾರೆ. ಬಿಟ್ಟಿಲ್ಲ.

ಆ ಸೋಮವಾರದ್ದು ಒಂದು ಹೇಳುವುದು ಬಾಕಿ ಉಳಿಯಿತು. ಅವನು ಕೀಬೋರ್ಡಿನ ಮುಂದೆ ಕೂತಾಗ ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ನನ್ನದು ಎರಡು ಬೆರಳಾದರೆ ಅವನದು ಒಂದೇ ಬೆರಳು. ಮೊದಲ ಬಳೆಯ ಅಳತೆ ಐವತ್ತೆರಡು ಪಾಯಿಂಟ್ ನಾಲ್ಕು ಮಿಲಿಮೀಟರ್. ಐದು ಸಿಕ್ಕಿತು, ಎರಡು ಸಿಕ್ಕಿತು, ಪಾಯಿಂಟ್ ಸಿಗಲಿಲ್ಲ. ಆಫೀಸ್ ಕೀಬೋರ್ಡಿನಲ್ಲಿ ಆ ಗುಂಡಿಯ ಚುಕ್ಕೆ ಸವೆದು ಹೋಗಿತ್ತು. ಪಾಯಿಂಟ್ ಬಿಟ್ಟು ಐನೂರ ಇಪ್ಪತ್ತನಾಲ್ಕು ಹೊಡೆದು ಒತ್ತಿದ. ಅಂಥ ಬಳೆ ನಮ್ಮ ಯಾವ ಮಿಷಿನ್ನಿನಲ್ಲೂ ಹಿಡಿಸುವುದಿಲ್ಲ. ನಾನು ಭಾನುವಾರ ಬರೆದಿಟ್ಟಿದ್ದ ಎಚ್ಚರಿಕೆ ಸಾಲು ಕೆಂಪಗೆ ಬಂತು: ಏಳನೇ ಕ್ಲಾಸ್.

ಓದಿದ. ಮತ್ತೆ ಬೆರಳನ್ನು ಕೀಬೋರ್ಡಿನ ಮೇಲೆ ಆ ಕಡೆಯಿಂದ ಈ ಕಡೆಗೆ ಎಳೆಯುತ್ತ ಹುಡುಕಿದ. ಮತ್ತೆ ಪಾಯಿಂಟ್ ಇಲ್ಲದೆ ಹೊಡೆದ, ಮತ್ತೆ ಅದೇ ಸಾಲು ಬಂತು. ಕೊನೆಗೆ ತಿರುಗದೆಯೇ ಕೇಳಿದ: "ಗುರು, ಈ ಪಾಯಿಂಟ್ ಎಲ್ಲಿದೆ?"

ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಕೆಳಗಿನ ಸಾಲು, ಬಲಗಡೆ, ಅವನ ಕಿರುಬೆರಳಿಗೆ ತಾಗುವಷ್ಟು ಹತ್ತಿರ.

ನಾನು ಫ್ಲಾಸ್ಕ್ ಎತ್ತಿಕೊಂಡು ಟೀಗೆ ಹೋದೆ. ಶುಂಠಿ ಜಾಸ್ತಿ ಹಾಕಿಸಿದೆ.